ಅಟ್ಟದ ಮೇಲಿನ ಕೋವಿ

ಮಲೆನಾಡಿನ ಹಳೆಯ ಮನೆಗಳಿಗೆ ಪಿತ್ರಾರ್ಜಿತವಾಗಿ ಬರುವ ಸ್ವತ್ತುಗಳು ಹಲವು. ಗದ್ದೆ, ತೋಟ, ಹಿತ್ತಾಳೆಯ ಹಂಡೆ, ಬೀಟೆಯ ಪೆಟ್ಟಿಗೆ, ಅಜ್ಜಿಯ ಸರ, ಇವೆಲ್ಲವಕ್ಕೂ ವಾರಸುದಾರರಿದ್ದಾರೆ. ಪಾಲಿನ ದಿನ ಇವುಗಳ ಲೆಕ್ಕ ತಪ್ಪುವುದಿಲ್ಲ. ಆದರೆ ಸಕಲೇಶಪುರ ಮತ್ತು ಆಲೂರು ಸೀಮೆಯ ಕೆಲವು ಮನೆಗಳಲ್ಲಿ ಪಾಲಿನ ಪಟ್ಟಿಗೆ ಸೇರದೆ ಉಳಿದುಬಿಡುವ ಒಂದು ವಸ್ತುವಿದೆ. ಅದು ಕೋವಿ. ಪಡಸಾಲೆಯ ಗೂಟದಲ್ಲಿಯೋ, ಅಟ್ಟದ ಮೇಲೆ ಗೋಣಿತಾಟಿನಲ್ಲಿ ಸುತ್ತಿಯೋ ಇಟ್ಟಿರುವ ಅದನ್ನು ಹಿರಿಯರು ಲಿಂಗೈಕ್ಯರಾದ ಮೇಲೆ ಯಾರೂ ಮುಟ್ಟುವುದಿಲ್ಲ, ಯಾರೂ ಬಿಟ್ಟುಕೊಡುವುದೂ ಇಲ್ಲ. ಆಯುಧಪೂಜೆಯ ದಿನ ಮಾತ್ರ ಅದು ಕೆಳಗಿಳಿದು, ವಿಭೂತಿ ಧರಿಸಿ, ಹೂ ಮುಡಿದು ಮತ್ತೆ ಅಟ್ಟವನ್ನೇರುತ್ತದೆ.

ಇಂತಹ ಕೋವಿಯನ್ನು ಕಂಡ ಕಿರಿಯರು ಸಾಮಾನ್ಯವಾಗಿ ಎರಡು ಪ್ರಶ್ನೆಗಳನ್ನು ಕೇಳುವರು: “ಇದಕ್ಕೆ ಎಷ್ಟು ಬೆಲೆ ಬಂದೀತು?” ಎಂಬುದೊಂದು, “ಇದು ಈಗಲೂ ಹಾರುವುದೇ?” ಎಂಬುದು ಇನ್ನೊಂದು. ಕೇಳಬೇಕಾದ ಪ್ರಶ್ನೆಗಳು ಬೇರೆ ಎರಡಿವೆ ಎಂಬುದು ನಮ್ಮ ಅಭಿಪ್ರಾಯ. ಇದರ ಪರವಾನಗಿ ಯಾರ ಹೆಸರಿನಲ್ಲಿದೆ? ಇದರ ಒಳಗೆ ಮದ್ದು ಉಳಿದಿದೆಯೇ? ಈ ಎರಡಕ್ಕೆ ಉತ್ತರ ದೊರೆತ ಮೇಲೆಯೇ ಉಳಿದ ಮಾತು.

ಇಂಗ್ಲೆಂಡ್, ಅಮೆರಿಕ ಮೊದಲಾದ ದೇಶಗಳಲ್ಲಿ ಬ್ರಿಟಿಷ್ ಸೈನ್ಯದ ಹಳೆಯ ಬಂದೂಕುಗಳನ್ನು ಸಂಗ್ರಹಿಸಿ, ಸವೆದ ಭಾಗಗಳಿಗೆ ಅದೇ ಕಾಲದ ಭಾಗಗಳನ್ನು ಹುಡುಕಿ ಜೋಡಿಸಿ, ಮೊದಲಿನ ರೂಪಕ್ಕೆ ತರುವುದು ಒಂದು ಗೌರವದ ಹವ್ಯಾಸವಾಗಿದೆ. ಒಂದು ತಿರುಪುಮೊಳೆಗಾಗಿ ವರ್ಷಗಟ್ಟಲೆ ಕಾಯುವವರು ಅಲ್ಲಿದ್ದಾರೆ. ಆ ಶ್ರದ್ಧೆಯನ್ನು ನಾವು ಮೆಚ್ಚಬೇಕು. ಆದರೆ ಅದೇ ಹವ್ಯಾಸ ನಮ್ಮ ನಾಡಿನಲ್ಲಿ ಅದೇ ಬಗೆಯಲ್ಲಿ ನಡೆಯಲಾರದು. ನಮ್ಮ ಕಾನೂನು ಬೇರೆ. ಕೋವಿಯೊಡನೆ ನಮ್ಮ ಜನಕ್ಕಿರುವ ಇತಿಹಾಸವೂ ಬೇರೆ.

ಆ ಇತಿಹಾಸವನ್ನು ತಿಳಿಯಲು ದೂರ ಹೋಗಬೇಕಾಗಿಲ್ಲ. ಸಕಲೇಶಪುರದಿಂದ ಮಂಗಳೂರಿಗೆ ಹೋಗುವ ದಾರಿಯಲ್ಲಿ ದೋಣಿಗಾಲ್ ಬಳಿ ಸಿಗುವ ಮಂಜರಾಬಾದ್ ಕೋಟೆಯನ್ನು ನೋಡದ ಓದುಗರು ಕಡಿಮೆ. 1792ರಲ್ಲಿ ಟಿಪ್ಪು ಸುಲ್ತಾನನು ಕಟ್ಟಿಸಿದ ಈ ಎಂಟು ಮೂಲೆಯ ನಕ್ಷತ್ರಾಕಾರದ ಕೋಟೆ ಫ್ರೆಂಚರ ಕೋಟೆ ಕಟ್ಟುವ ಕ್ರಮವನ್ನು ಅನುಸರಿಸಿದ್ದು. ಅದರೊಳಗೆ ಮದ್ದನ್ನು ಕಾಪಿಡಲು ಕಟ್ಟಿದ ತಂಪಾದ ಕೋಣೆಗಳನ್ನು ಇಂದಿಗೂ ಕಾಣಬಹುದು. ಕೋವಿಗಿಂತ ಅದರ ಮದ್ದನ್ನು ಮಳೆಯಿಂದ ಕಾಯುವುದೇ ಈ ಬೆಟ್ಟಗಳಲ್ಲಿ ದೊಡ್ಡ ಕೆಲಸವೆಂಬುದು ಆ ಕಾಲದವರಿಗೆ ತಿಳಿದಿತ್ತು. 1799ರಲ್ಲಿ ಶ್ರೀರಂಗಪಟ್ಟಣ ಬಿದ್ದ ಮೇಲೆಯೂ ಬಲಂ ಸೀಮೆಯ ಪಾಳೆಯಗಾರ ವೆಂಕಟಾದ್ರಿ ನಾಯಕನು ಇಲ್ಲಿಯ ಕಾಡುಗಳನ್ನೇ ನೆಚ್ಚಿ ಕಂಪನಿಯ ಸೈನ್ಯವನ್ನು ಎದುರಿಸಿದನು. ಮುಂದೆ ವಾಟರ್ಲೂ ಯುದ್ಧದಿಂದ ಲೋಕಪ್ರಸಿದ್ಧನಾದ ಆರ್ಥರ್ ವೆಲ್ಲೆಸ್ಲಿಯೇ ಅವನ ಮೇಲೆ ದಂಡೆತ್ತಿ ಬಂದನು. 1802ರಲ್ಲಿ ನಾಯಕನು ಸೆರೆಸಿಕ್ಕಿ ಗಲ್ಲಿಗೇರಿದನು. ಅಂದು ಕಂಪನಿಯ ಸಿಪಾಯಿಗಳ ಕೈಯಲ್ಲಿದ್ದುದು ‘ಬ್ರೌನ್ ಬೆಸ್’ ಎಂದು ಹೆಸರಾದ, ಚಕಮಕಿ ಕಲ್ಲಿನಿಂದ ಕಿಡಿ ಹಾರಿಸುವ, ನುಣುಪು ನಳಿಗೆಯ ಬಂದೂಕು. ನೂರು ಗಜದಾಚೆ ಅದರ ಗುರಿಯನ್ನು ನಂಬುವಂತಿರಲಿಲ್ಲ. ಬ್ರಿಟಿಷರ ಸೈನಿಕ ಬಂದೂಕು ಈ ಗುಡ್ಡಗಳಿಗೆ ಮೊದಲು ಬಂದದ್ದು ಹೀಗೆ: ತೋಟ ಕಾಯಲು ಅಲ್ಲ, ನಮ್ಮ ಜನರನ್ನು ಅಡಗಿಸಲು.

ಅನಂತರ ಬಂದವರು ಕಾಫಿಯ ದೊರೆಗಳು. ದಕ್ಷಿಣ ಮಂಜರಾಬಾದಿನಲ್ಲಿ ಫ್ರೆಡರಿಕ್ ಗ್ರೀನ್ ಎಂಬಾತನು 1843ರಲ್ಲಿ ಕಾಫಿ ತೋಟವನ್ನು ತೆರೆದನು. 1855ರಲ್ಲಿ ಬಂದ ರಾಬರ್ಟ್ ಎಲಿಯಟ್ ಎಂಬ ತೋಟಗಾರನು ಮೈಸೂರು ಸೀಮೆಯ ಚಿನ್ನ, ಬೇಟೆ ಮತ್ತು ಕಾಫಿಯನ್ನು ಕುರಿತು 1894ರಲ್ಲಿ ಒಂದು ಗ್ರಂಥವನ್ನೇ ಪ್ರಕಟಿಸಿದನು. ಕಾಫಿ ಗಿಡದ ನೆರಳಿನಷ್ಟೇ ಹುಲಿಯ ಬೇಟೆಯೂ ಅದರಲ್ಲಿ ಜಾಗ ಪಡೆದಿದೆ. ಯುರೋಪಿಯನ್ ತೋಟಗಾರರು ‘ಕೂರ್ಗ್ ಅಂಡ್ ಮೈಸೂರ್ ರೈಫಲ್ಸ್’ ಎಂಬ ಸ್ವಯಂಸೇವಕ ದಳವನ್ನೂ ಕಟ್ಟಿಕೊಂಡಿದ್ದರು. ದೊರೆಗಳು ತೋಟಗಳನ್ನು ಮಾರಿ ಹೋದಾಗ ಬಂಗಲೆ, ಮೇಜು, ಕುರ್ಚಿಗಳೊಡನೆ ಕೆಲವೆಡೆ ಕೋವಿಗಳೂ ಕೈ ಬದಲಾದವು. ನಮ್ಮ ಮನೆಗಳ ಕೋವಿಗಳ ಒಂದು ಬೇರು ಅಲ್ಲಿದೆ. ಹಂದಿ, ಮುಸಿಯಗಳಿಂದ ಗದ್ದೆ ತೋಟಗಳನ್ನು ಕಾಯಲು ಹಿರಿಯರು ತಾವೇ ಪರವಾನಗಿ ಪಡೆದು ಕೊಂಡ ಕೇಪಿನ ಕೋವಿ, ತೋಟಾ ಕೋವಿಗಳದು ಇನ್ನೊಂದು ಬೇರು.

ಬ್ರಿಟಿಷ್ ಸೈನ್ಯದ ಬಂದೂಕುಗಳ ವಂಶಾವಳಿಯನ್ನು ಸ್ವಲ್ಪ ತಿಳಿದಿದ್ದರೆ ಅಟ್ಟದ ಮೇಲಿರುವುದು ಯಾವುದೆಂದು ಊಹಿಸಬಹುದು. 1853ರ ಮಾದರಿಯ ಎನ್‌ಫೀಲ್ಡ್ ಬಂದೂಕಿಗೆ ಮದ್ದನ್ನೂ ಗುಂಡನ್ನೂ ಬಾಯಿಯ ಕಡೆಯಿಂದ ತುಂಬಿ ಗಜದಿಂದ ಒತ್ತಬೇಕಾಗಿತ್ತು. ಕಿಡಿಗೆ ತಾಮ್ರದ ಕೇಪು. ಅದರ ಕಾಗದದ ತೋಟಾವನ್ನು ಹಲ್ಲಿನಿಂದ ಹರಿಯಬೇಕಾಗಿದ್ದುದರಿಂದಲೂ, ಅದಕ್ಕೆ ಹಸು ಹಂದಿಗಳ ಕೊಬ್ಬನ್ನು ಸವರಲಾಗಿದೆ ಎಂಬ ಸುದ್ದಿಯಿಂದಲೂ 1857ರ ಕಿಚ್ಚು ಹೊತ್ತಿತೆಂಬುದು ಶಾಲೆಯ ಮಕ್ಕಳಿಗೂ ಗೊತ್ತು. 1866ರಲ್ಲಿ ಅದೇ ಬಂದೂಕಿನ ಹಿಂಬದಿಯನ್ನು ಕೊಯ್ದು, ತೋಟಾವನ್ನು ಹಿಂದಿನಿಂದ ಹಾಕುವ ಸ್ನೈಡರ್ ಬಂದಿತು, 1871ರಲ್ಲಿ ಮಾರ್ಟಿನಿ-ಹೆನ್ರಿ, 1888ರಲ್ಲಿ.303 ಅಂಗುಲದ ನಳಿಗೆಯ ಲೀ-ಮೆಟ್‌ಫೋರ್ಡ್, 1895ರಲ್ಲಿ ಲೀ-ಎನ್‌ಫೀಲ್ಡ್. ಹತ್ತು ತೋಟಾಗಳನ್ನು ಹಿಡಿಯುವ, ಸುಮಾರು ನಾಲ್ಕು ಕಿಲೋ ತೂಗುವ ಅದರ ಗಿಡ್ಡ ಮಾದರಿ 1907ರಲ್ಲಿ ಖಚಿತ ರೂಪ ಪಡೆದು ಎರಡು ಮಹಾಯುದ್ಧಗಳನ್ನು ಕಂಡಿತು. ಬಂಗಾಳದ ಇಶಾಪುರದ ಕಾರ್ಖಾನೆಯಲ್ಲಿ ತಯಾರಾಗಿ ನಮ್ಮ ಸೈನಿಕರ, ಪೊಲೀಸರ ಹೆಗಲನ್ನೂ ಏರಿತು. ಉತ್ತರ ಪ್ರದೇಶದ ಪೊಲೀಸರು ಇದಕ್ಕೆ ವಿದಾಯ ಹೇಳಿದ್ದು 2020ರ ಗಣರಾಜ್ಯೋತ್ಸವದ ದಿನ ಎಂದರೆ ಇದರ ಆಯುಷ್ಯವನ್ನು ಓದುಗರೇ ಅಳೆಯಬಹುದು.

ಇಷ್ಟು ದೀರ್ಘಕಾಲ ಬಾಳಿದ ಬಂದೂಕು ನಮ್ಮ ಮನೆಗಳಲ್ಲಿ ವಿರಳವೇಕೆ? ಸೈನ್ಯದ ತೋಟಾ ಹೊರಗಿನವರ ಕೈಗೆ ಸಿಗಬಾರದೆಂದು ಬ್ರಿಟಿಷ್ ಸರ್ಕಾರವು .303ನ್ನು ಸಾಮಾನ್ಯರಿಗೆ ನಿಷೇಧಿಸಿತು. ಅದಕ್ಕೆ ಬದಲಾಗಿ ಬಳಕೆಗೆ ಬಂದದ್ದು .315 ಎಂಬ ಬೇಟೆಯ ರೈಫಲ್. ಆಕಾರದಲ್ಲಿ ಅಣ್ಣತಮ್ಮಂದಿರಂತೆ ಕಂಡರೂ ಕಾನೂನಿನ ಕಣ್ಣಿನಲ್ಲಿ ಇವೆರಡೂ ಬೇರೆ ಬೇರೆ. ಇಂದಿಗೂ .303 ನಿಷೇಧಿತ ವರ್ಗಕ್ಕೆ ಸೇರಿದ್ದು. 2019ರ ತಿದ್ದುಪಡಿಯ ಬಳಿಕ ನಿಷೇಧಿತ ಆಯುಧವನ್ನು ಪರವಾನಗಿಯಿಲ್ಲದೆ ಇಟ್ಟುಕೊಂಡವರಿಗೆ ಕನಿಷ್ಠ 7 ವರ್ಷಗಳ ಸೆರೆವಾಸ ವಿಧಿಸಲಾಗುತ್ತದೆ. “ನಮ್ಮ ಅಜ್ಜನದು, ಹಾರಿಸುವುದೇ ಇಲ್ಲ” ಎಂಬ ಸಮಾಧಾನ ಅಲ್ಲಿ ನಡೆಯದು.

ಕೋವಿಯ ಕಾನೂನೆಂದರೆ ನಮ್ಮ ಜನಕ್ಕೆ ಮೊದಲಿನಿಂದಲೂ ನೋಯುವ ಜಾಗ. 1857ರಲ್ಲಿ ಸರ್ಕಾರವು ಆಯುಧಗಳನ್ನು ಒಪ್ಪಿಸಬೇಕೆಂದು ಆಜ್ಞೆ ಹೊರಡಿಸಿದಾಗ ಮುಧೋಳ ಸೀಮೆಯ ಹಲಗಲಿಯ ಬೇಡರು ಒಪ್ಪದೆ ಹೋರಾಡಿದರು. ಊರು ಬೆಂಕಿಗೆ ಆಹುತಿಯಾಯಿತು, ಹಿಡಿದವರನ್ನು ಗಲ್ಲಿಗೇರಿಸಲಾಯಿತು. ಆ ಕಥೆಯ ಲಾವಣಿಯನ್ನು ಉತ್ತರ ಕರ್ನಾಟಕದಲ್ಲಿ ಕೇಳದ ಹಿರಿಯರಿಲ್ಲ. 1878ರ ಆಯುಧ ಕಾಯಿದೆಯು ಬ್ರಿಟಿಷ್ ಇಂಡಿಯಾದಲ್ಲಿ ಈ ನಿರ್ಬಂಧವನ್ನು ಶಾಶ್ವತಗೊಳಿಸಿತು. ನಮ್ಮ ನೆರೆಯ ಕೊಡಗಿನವರಿಗೆ ಮಾತ್ರ ಬೇರೆ ಕಟ್ಟಳೆ: ಕೊಡವರಿಗೂ ಜಮ್ಮಾ ಹಿಡುವಳಿದಾರರಿಗೂ ಪರವಾನಗಿಯಿಂದ ವಿನಾಯಿತಿಯಿದೆ, 2019ರಲ್ಲಿ ಕೇಂದ್ರ ಸರ್ಕಾರವು ಅದನ್ನು 2029ರವರೆಗೆ ಮುಂದುವರಿಸಿತು. ಯಸಳೂರು, ಹೆತ್ತೂರುಗಳ ಕಡೆಯವರಿಗೆ ಕೊಡಗು ಅಕ್ಕಪಕ್ಕದ ಸೀಮೆ; ಬೀಗತನಕ್ಕಲ್ಲದಿದ್ದರೂ ವ್ಯಾಪಾರಕ್ಕೆ ದಿನನಿತ್ಯದ ಒಡನಾಟ. ಅಲ್ಲಿಯ ಗೋಡೆಯ ಮೇಲಿನ ಕೋವಿಯನ್ನು ನೋಡಿ ನಮ್ಮಲ್ಲಿಯೂ ಹಾಗೆಯೇ ನಡೆಯುವುದೆಂದು ಭಾವಿಸಬಾರದು. ಗಡಿಯ ಈಚೆಗೆ ಕಾಗದವಿಲ್ಲದ ಕೋವಿ ಅಪರಾಧವೇ.

ಇಲ್ಲಿ ನಮ್ಮ ಮನೆಗಳು ಎಡವುವ ಬಗೆಯನ್ನು ಬಿಡಿಸಿ ಹೇಳಬೇಕು. ಮಕ್ಕಳು ಬೆಂಗಳೂರಿನಲ್ಲಿಯೋ ಹೊರದೇಶದಲ್ಲಿಯೋ ನೆಲೆಸಿರುತ್ತಾರೆ. ತೋಟದ ಮನೆಯಲ್ಲಿ ವಯಸ್ಸಾದ ತಂದೆತಾಯಿ ಇಬ್ಬರೇ. ತಂದೆ ಲಿಂಗೈಕ್ಯರಾಗುತ್ತಾರೆ. ಶಿವಗಣಾರಾಧನೆ ಮುಗಿಯುವಷ್ಟರಲ್ಲಿ ಪಹಣಿ, ಬ್ಯಾಂಕಿನ ಪುಸ್ತಕ, ಸೊಸೈಟಿಯ ಷೇರು ಎಲ್ಲವೂ ಹೊರಬರುತ್ತವೆ. ಕೋವಿಯ ಪರವಾನಗಿ ಪುಸ್ತಕ ಮಾತ್ರ ಯಾರ ನೆನಪಿಗೂ ಬಾರದು. ಮಕ್ಕಳು ಊರಿಗೆ ಹಿಂದಿರುಗುತ್ತಾರೆ. ಅಂದಿನಿಂದ ಆ ಮನೆಯಲ್ಲಿ ಒಂಟಿಯಾಗಿ ಉಳಿದ ತಾಯಿ, ತನಗೆ ತಿಳಿಯದೆಯೇ, ಪರವಾನಗಿಯಿಲ್ಲದ ಆಯುಧದೊಡನೆ ವಾಸಿಸುವವಳಾಗುತ್ತಾಳೆ. ಮುಂದೊಂದು ದಿನ ಠಾಣೆಯಿಂದ ವಿಚಾರಣೆಗೆ ಬಂದಾಗ ಬಾಗಿಲಲ್ಲಿ ನಿಂತು ಉತ್ತರಿಸಬೇಕಾದವಳೂ ಅವಳೇ. ಕೋವಿಯು ಮನೆತನದ ಮಾನವೆಂದು ಹೇಳಿಕೊಳ್ಳುವ ನಾವು ಮನೆಯ ಹಿರಿಯ ಜೀವವನ್ನು ಇಂತಹ ಅವಮಾನಕ್ಕೆ ಗುರಿಪಡಿಸುವುದು ಯಾವ ನ್ಯಾಯ?

ಕಾನೂನು ಇದಕ್ಕೆ ದಾರಿಯನ್ನು ತೋರಿಸಿದೆ. 1959ರ ಆಯುಧ ಕಾಯಿದೆಯಂತೆ ಪರವಾನಗಿದಾರರು ತೀರಿಕೊಂಡಾಗ ವಾರಸುದಾರರು ವಿಳಂಬವಿಲ್ಲದೆ ಕೋವಿಯನ್ನು ಪೊಲೀಸ್ ಠಾಣೆಯಲ್ಲಿ ಅಥವಾ ಪರವಾನಗಿಯುಳ್ಳ ವ್ಯಾಪಾರಿಯಲ್ಲಿ ಠೇವಣಿಯಿಟ್ಟು ರಸೀದಿ ಪಡೆಯಬೇಕು. ಅನಂತರ ಜಿಲ್ಲಾಧಿಕಾರಿಗಳ ಕಚೇರಿಗೆ ವಾರಸಿನ ಅರ್ಜಿ ಸಲ್ಲಿಸಬೇಕು. 2016ರ ನಿಯಮಗಳ ಪ್ರಕಾರ ಸಾವಿನವರೆಗೆ ಕಾಯಬೇಕಾದ್ದೂ ಇಲ್ಲ. ಪರವಾನಗಿದಾರರಿಗೆ 70 ವರ್ಷ ತುಂಬಿದ್ದರೆ ಅಥವಾ 25 ವರ್ಷ ಕಾಲ ಕೋವಿಯನ್ನು ಹೊಂದಿದ್ದರೆ ಅವರು ಬದುಕಿರುವಾಗಲೇ ಮಕ್ಕಳ ಹೆಸರಿಗೆ ಕೇಳಿಕೊಳ್ಳಬಹುದು. ಪರವಾನಗಿಗೆ ಯುಐಎನ್ ಎಂಬ ವಿಶಿಷ್ಟ ಸಂಖ್ಯೆ ಇರುವುದು ಕಡ್ಡಾಯ. ಹಳೆಯ ಪುಸ್ತಕಗಳಲ್ಲಿ ಅದು ಇದೆಯೇ ಎಂದು ಇಂದೇ ನೋಡಿರಿ. ಒಬ್ಬರು ಮೂರು ಕೋವಿಗಳನ್ನು ಇಟ್ಟುಕೊಳ್ಳಬಹುದಾಗಿದ್ದ ಮಿತಿ 2019ರಿಂದ ಎರಡಕ್ಕೆ ಇಳಿದಿದೆ. ವಾರಸಿನಿಂದ ಬಂದವೂ ಈ ಲೆಕ್ಕಕ್ಕೆ ಸೇರುತ್ತವೆ. ಆದ್ದರಿಂದ ಪರದೇಶದವರಂತೆ ಸಾಲುಸಾಲಾಗಿ ಬಂದೂಕುಗಳನ್ನು ಸಂಗ್ರಹಿಸುವ ಆಸೆ ಇಲ್ಲಿ ಸಲ್ಲದು. ಮದುವೆ, ಉತ್ಸವಗಳಲ್ಲಿ ಅಜಾಗರೂಕತೆಯಿಂದ ಗುಂಡು ಹಾರಿಸಿ ಜನರನ್ನು ಅಪಾಯಕ್ಕೊಡ್ಡುವುದಕ್ಕೂ ಅದೇ ತಿದ್ದುಪಡಿಯು 2 ವರ್ಷದವರೆಗಿನ ಸೆರೆ ಅಥವಾ 1 ಲಕ್ಷ ರೂಪಾಯಿವರೆಗಿನ ದಂಡವನ್ನು, ಇಲ್ಲವೆ ಎರಡನ್ನೂ ವಿಧಿಸಿದೆ.

“ನಮ್ಮದು ಕೆಟ್ಟುಹೋದ ಕೋವಿ, ಅದಕ್ಕೇಕೆ ಕಾಗದ?” ಎನ್ನುವವರಿದ್ದಾರೆ. ಇಲ್ಲೊಂದು ಸೂಕ್ಷ್ಮವಿದೆ. ಹಳೆಯ ಮಾದರಿಯ ಅಥವಾ ಪ್ರಾಚೀನ ಮೌಲ್ಯದ, ದುರಸ್ತಿ ಮಾಡಿದರೂ ಮಾಡದಿದ್ದರೂ ಆಯುಧವಾಗಿ ಬಳಸಲಾಗದ ಕೋವಿಗೆ ಕಾಯಿದೆಯು ವಿನಾಯಿತಿ ಕೊಟ್ಟಿದೆ. ಎಂದರೆ ದುರಸ್ತಿಯಾಗುವಂತಿದ್ದರೆ ಅದು ಇಂದಿಗೂ ಆಯುಧವೇ. ಅದನ್ನು ನಿರ್ಣಯಿಸಬೇಕಾದವರು ಅಧಿಕಾರಿಗಳು, ನಾವಲ್ಲ. ದುರಸ್ತಿಯನ್ನು ಪರವಾನಗಿಯುಳ್ಳ ಕೋವಿ ಕೆಲಸದವರಲ್ಲಿಯೇ ಮಾಡಿಸಬೇಕು. ಊರ ಕಮ್ಮಾರನಿಂದ ಬೆಸುಗೆ ಹಾಕಿಸುವುದು, ನಳಿಗೆಯನ್ನು ಕೊಯ್ಸಿ ಗಿಡ್ಡ ಮಾಡಿಸುವುದು ಕಾನೂನಿಗೂ ವಿರುದ್ಧ, ಪ್ರಾಣಕ್ಕೂ ಅಪಾಯ. ಕಬ್ಬಿಣದ ಪಟ್ಟಿಗಳನ್ನು ಸುರುಳಿಯಾಗಿ ಬೆಸೆದು ಮಾಡಿದ ಹಳೆಯ ನಳಿಗೆಗಳು ಕಪ್ಪು ಮದ್ದಿನ ಒತ್ತಡಕ್ಕೆ ಹೊಂದುವಂತೆ ಮಾಡಿದವು. ಇಂದಿನ ತೋಟಾವನ್ನು ಹಾಕಿದರೆ ಸಿಡಿದು ಹೋಗಬಹುದು. ಹಾಗೆ ಸಿಡಿಯುವುದು ಹಾರಿಸುವವನ ಎಡಗೈಯ ಮೇಲೆ, ಮುಖದ ಮುಂದೆ.

ಹಾಗಾದರೆ ಮನೆಯಲ್ಲಿ ನಾವು ಮಾಡಬಹುದಾದ ಜೀರ್ಣೋದ್ಧಾರ ಯಾವುದು? ಕಾಗದ ಸರಿಯಿರುವ ಕೋವಿಯನ್ನು ಹಾಳಾಗದಂತೆ ಉಳಿಸುವುದೇ ನಿಜವಾದ ಜೀರ್ಣೋದ್ಧಾರ. ಹೊಸದರಂತೆ ಹೊಳೆಯಿಸುವುದು ಅಲ್ಲ.

ಮೊದಲ ಕೆಲಸ, ಅದು ಖಾಲಿಯೆಂದು ಖಚಿತಪಡಿಸಿಕೊಳ್ಳುವುದು. ಬಾಯಿಯಿಂದ ತುಂಬುವ ಕೋವಿಗಳಲ್ಲಿ ಹಿರಿಯರು ತುಂಬಿಸಿ ಮರೆತ ಮದ್ದು ಒಣಗಿದ್ದರೆ ದಶಕಗಳ ಬಳಿಕವೂ ಹೊತ್ತಿಕೊಳ್ಳಬಲ್ಲದು. ನಳಿಗೆಯ ಹೊರಗಿನ ಉದ್ದಕ್ಕೂ ಗಜ ಒಳಗೆ ಇಳಿಯುವ ಉದ್ದಕ್ಕೂ ಕೆಲವು ಅಂಗುಲಗಳ ವ್ಯತ್ಯಾಸ ಬಂದರೆ ಒಳಗೆ ಏನೋ ಇದೆಯೆಂದೇ ಅರ್ಥ. ಅಂತಹುದನ್ನು ಕೆದಕದೆ, ಒಲೆಯ ಬಳಿಗೆ ಒಯ್ಯದೆ, ಬಲ್ಲವರಿಗೆ ತಿಳಿಸಬೇಕು. ಒಲೆಯ ಮೇಲಿನ ಅಟ್ಟದಲ್ಲಿ ಕೋವಿಯನ್ನು ಬೆಚ್ಚಗಿಡುವ ರೂಢಿ ಇದ್ದರೆ ಈ ಕಾರಣಕ್ಕಾಗಿಯೇ ಬಿಡಬೇಕು.

ಎರಡನೆಯದು ತುಕ್ಕು. ಜೂನ್‌ನಿಂದ ಸೆಪ್ಟೆಂಬರಿನವರೆಗೆ ನಮ್ಮಲ್ಲಿ ಗೋಡೆಯೇ ಬೆವರುವಾಗ ಕಬ್ಬಿಣದ ಪಾಡೇನು? ಗೋಣಿತಾಟೂ ಚರ್ಮದ ಚೀಲವೂ ತೇವವನ್ನು ಹೀರಿ ನಳಿಗೆಗೆ ಉಣಿಸುತ್ತವೆ. ಗಾಳಿಯಾಡುವ ಒಣ ಬೀರುವೇ ಲೇಸು. ಹಳೆಯ ತೋಟಾಗಳ ಕಿಡಿಮದ್ದು ನಳಿಗೆಯೊಳಗೆ ಒಂದು ಬಗೆಯ ಉಪ್ಪನ್ನು ಉಳಿಸುತ್ತದೆ. ಅದು ತೇವವನ್ನು ಎಳೆದುಕೊಂಡು ಒಳಗಿನಿಂದ ತಿನ್ನುತ್ತದೆ. ಎಣ್ಣೆಗೆ ಆ ಉಪ್ಪು ಕರಗದು. ಬ್ರಿಟಿಷ್ ಸೈನಿಕರು ಗುಂಡು ಹಾರಿಸಿದ ಮೇಲೆ ನಳಿಗೆಗೆ ಕುದಿಯುವ ನೀರನ್ನು ಹೊಯ್ದು, ಒರೆಸಿ, ಒಣಗಿಸಿ, ಬಳಿಕ ಎಣ್ಣೆ ಹಚ್ಚುತ್ತಿದ್ದುದು ಇದೇ ಕಾರಣಕ್ಕೆ. ಅಡುಗೆಯ ಎಣ್ಣೆ ಕಾಲಕ್ರಮದಲ್ಲಿ ಅಂಟಾಗುತ್ತದೆ. ಹೊಲಿಗೆ ಯಂತ್ರಕ್ಕೆ ಬಿಡುವ ಎಣ್ಣೆ ಉತ್ತಮ. ಮರದ ಹಿಡಿಗೆ ಅಗಸೆ ಎಣ್ಣೆಯನ್ನು ಅಂಗೈಯಿಂದ ತೆಳುವಾಗಿ ತಿಕ್ಕಬೇಕು. ಸೈನ್ಯದಲ್ಲಿಯೂ ಅದನ್ನೇ ಬಳಸುತ್ತಿದ್ದರು. ವಾರ್ನಿಷ್ ಬೇಡ.

ಮೂರನೆಯದು ನಮ್ಮ ತಾಯಂದಿರಿಗೆ ಸಲ್ಲುವ ಮಾತು. ಎನ್‌ಫೀಲ್ಡಿನಂತಹ ಬಂದೂಕುಗಳಲ್ಲಿ ಹಿತ್ತಾಳೆಯ ಪಟ್ಟಿಗಳಿರುತ್ತವೆ. ಅವನ್ನು ಕಂಡೊಡನೆ ಹಬ್ಬದ ಮುನ್ನಾದಿನ ಹುಣಿಸೆಹಣ್ಣು ತಂದು ಉಜ್ಜುವ ಮನಸ್ಸಾಗುವುದು ಸಹಜ. ಆ ಹುಳಿ ಪಕ್ಕದ ಕಬ್ಬಿಣಕ್ಕೆ ಇಳಿದು ಕೊರೆಯುತ್ತದೆ. ಉಪ್ಪುಕಾಗದ ಹಾಕಿ ತಿಕ್ಕಿದರಂತೂ ಕೋವಿಯ ಚರಿತ್ರೆಯೇ ಅಳಿಸಿಹೋಗುತ್ತದೆ. ಏಕೆಂದರೆ ಅದರ ಜಾತಕವೆಲ್ಲ ಲೋಹದ ಮೇಲೆ ಕೆತ್ತಿದ ಗುರುತುಗಳಲ್ಲಿದೆ. ಕಿರೀಟದ ಕೆಳಗೆ ‘ವಿ.ಆರ್.’ ಎಂದಿದ್ದರೆ ವಿಕ್ಟೋರಿಯಾ ರಾಣಿಯ ಕಾಲ, ‘ಜಿ.ಆರ್.ಐ.’ ಎಂದಿದ್ದರೆ ಜಾರ್ಜ್ ದೊರೆಗಳ ಕಾಲ. ಅಗಲವಾದ ಬಾಣದ ಗುರುತು ಸರ್ಕಾರದ ಸ್ವತ್ತೆಂಬುದಕ್ಕೆ. ಎರಡು ಬಾಣಗಳು ತುದಿಗೆ ತುದಿ ತಾಗಿಸಿ ನಿಂತಿದ್ದರೆ ಸೈನ್ಯದಿಂದ ಮಾರಿ ಕಳುಹಿಸಿದ್ದೆಂಬುದಕ್ಕೆ. ತಯಾರಕರ ಹೆಸರು, ವರ್ಷ, ಕ್ರಮಸಂಖ್ಯೆ ಇವೇ ಮುಂದೆ ಪರವಾನಗಿಯ ಅರ್ಜಿಗೂ ಬೇಕಾಗುವವು. ಆಯುಧಪೂಜೆಯಲ್ಲಿ ನೀರು, ಕುಂಕುಮ, ಭಸ್ಮಗಳು ಲೋಹದ ಮೇಲೆ ನಿಂತರೆ ಮುಂದಿನ ದಸರೆಯ ವೇಳೆಗೆ ಅಲ್ಲಿ ಕೆಂಪು ಚುಕ್ಕೆ ಮೂಡಿರುತ್ತದೆ. ಪೂಜೆ ಮುಗಿದ ಸಂಜೆಯೇ ಒರೆಸಿ ಎಣ್ಣೆ ಕಾಣಿಸುವುದು ಭಕ್ತಿಗೆ ಕೊರತೆಯಲ್ಲ. ಕಾಯಕದ ಉಪಕರಣವನ್ನು ಕಾಪಾಡುವುದೂ ಪೂಜೆಯ ಭಾಗವೆಂದೇ ನಮ್ಮ ಭಾವನೆ. ಚುನಾವಣೆಯ ಸಮಯದಲ್ಲಿ ಠಾಣೆಗೆ ಒಪ್ಪಿಸುವಾಗಲೂ ಎಣ್ಣೆ ಹಚ್ಚಿ, ಗುರುತುಗಳ ಛಾಯಾಚಿತ್ರ ತೆಗೆದಿಟ್ಟುಕೊಂಡು, ರಸೀದಿ ಪಡೆಯಿರಿ.

ಮನೆಯಲ್ಲಿ ಉಳಿಸಿಕೊಳ್ಳಲು ಮನಸ್ಸಿಲ್ಲದವರು ಗುಟ್ಟಾಗಿ ಮಾರುವುದಾಗಲಿ, ಹೊಳೆಗೆ ಎಸೆಯುವುದಾಗಲಿ ಮಾಡಬಾರದು. ನೂರು ವರ್ಷ ದಾಟಿದ ವಸ್ತುಗಳು 1972ರ ಪುರಾತನ ವಸ್ತುಗಳ ಕಾಯಿದೆಯ ವ್ಯಾಪ್ತಿಗೆ ಬರಬಲ್ಲವು. ಅವನ್ನು ಖಾಸಗಿಯವರು ಹೊರದೇಶಕ್ಕೆ ಸಾಗಿಸುವಂತಿಲ್ಲ. ಜಿಲ್ಲಾಧಿಕಾರಿಗಳ ಮೂಲಕ ರಾಜ್ಯದ ಪುರಾತತ್ವ, ವಸ್ತುಸಂಗ್ರಹಾಲಯಗಳು ಮತ್ತು ಪರಂಪರೆ ಇಲಾಖೆಯನ್ನು ವಿಚಾರಿಸಬಹುದು. ಹೊಸನಗರ ತಾಲ್ಲೂಕಿನ ಬಿದನೂರು ನಗರದ ಬಾವಿಯೊಂದರಲ್ಲಿ 2018ರಲ್ಲಿ ಸಾವಿರಕ್ಕೂ ಹೆಚ್ಚು ಮೈಸೂರು ರಾಕೆಟ್ಟುಗಳು ದೊರೆತುದನ್ನು ಓದುಗರು ಬಲ್ಲರು. ಕೆಸರಿನಲ್ಲಿ ಹೂತಿದ್ದ ಆ ತುಕ್ಕುಹಿಡಿದ ಕೊಳವೆಗಳನ್ನು ಯಾರೂ ಹಾರಿಸಿ ನೋಡಲಿಲ್ಲ; ತೊಳೆದು, ಅಳೆದು, ದಾಖಲೆ ಮಾಡಿದರು. ಅಷ್ಟರಿಂದಲೇ ಅವು ಇಡೀ ನಾಡಿನ ಸ್ವತ್ತಾದವು. ಅಟ್ಟದ ಮೇಲಿನ ಕೋವಿಯೂ ಅಂತಹುದೇ ಸಾಕ್ಷಿ.

ತೋಟಕ್ಕೆ ಆನೆ ನುಗ್ಗುವ ಈ ದಿನಗಳಲ್ಲಿ ಕೋವಿಯಿಲ್ಲದೆ ಬಾಳುವುದು ಹೇಗೆಂದು ಕೇಳುವವರ ಸಂಕಟವನ್ನು ನಾವು ಹಗುರವಾಗಿ ಕಾಣುವುದಿಲ್ಲ. ಆಲೂರು, ಸಕಲೇಶಪುರಗಳಲ್ಲಿ ಕಾಡಾನೆಯ ತುಳಿತಕ್ಕೆ ಸಿಕ್ಕ ಮನೆಗಳ ಕಣ್ಣೀರು ಇನ್ನೂ ಆರಿಲ್ಲ. ಆದರೆ ದಸರೆಯ ಅಂಬಾರಿಯನ್ನು ಹೊತ್ತ ಅರ್ಜುನನಂತಹ ಆನೆಯೇ 2023ರ ಡಿಸೆಂಬರಿನಲ್ಲಿ ಯಸಳೂರಿನ ಕಾಡಿನಲ್ಲಿ, ನುರಿತವರ ನಡುವೆ ನಡೆದ ಕಾರ್ಯಾಚರಣೆಯಲ್ಲಿ, ಕಾಡಾನೆಯೊಡನೆ ಕಾದಾಡಿ ಮಡಿಯಿತು. ಅಂತಹ ಎದುರಾಳಿಯ ಮುಂದೆ ಅಜ್ಜನ ತುಕ್ಕುಹಿಡಿದ ಕೇಪಿನ ಕೋವಿ ಯಾರನ್ನೂ ಕಾಯದು. ಹಿಡಿದವನಿಗೆ ಹುಸಿ ಧೈರ್ಯವನ್ನು ಮಾತ್ರ ಕೊಡುವುದು.

ಬಂಧುಗಳೇ, ಈ ತಿಂಗಳು ಬಿಡುವಿರುವ ಒಂದು ಭಾನುವಾರ ಮನೆಯ ಹಿರಿಯರನ್ನು ಕೂರಿಸಿಕೊಂಡು ಪರವಾನಗಿ ಪುಸ್ತಕವನ್ನು ಹೊರತೆಗೆಯಿರಿ. ಕೋವಿಯನ್ನು ಯಾರು, ಯಾವಾಗ, ಯಾರಿಂದ ಕೊಂಡರೆಂಬುದನ್ನು ಅವರ ಬಾಯಿಂದಲೇ ಕೇಳಿ ಒಂದು ಹಾಳೆಯಲ್ಲಿ ಬರೆದಿಡಿರಿ. ಆ ಹಾಳೆಯನ್ನೂ ಪುಸ್ತಕವನ್ನೂ ಎಲ್ಲಿಟ್ಟಿದೆಯೆಂಬುದು ಮನೆಯ ಹೆಂಗಸರಿಗೂ ತಿಳಿದಿರಲಿ. ಮಕ್ಕಳ ಕೈಗೆಟುಕದಂತೆ ಕೋವಿಗೆ ಬೀಗವಿರಲಿ. ಪರವಾನಗಿಯ ಅವಧಿ ಮುಗಿದಿದ್ದರೆ, ಹೆಸರು ಬದಲಾಗಬೇಕಿದ್ದರೆ, ಸೋಮವಾರ ಬೆಳಿಗ್ಗೆಯೇ ಠಾಣೆಯ ಮೆಟ್ಟಿಲು ಹತ್ತಿರಿ. ನಾವಾಗಿ ಹೋಗುವುದಕ್ಕೂ ಅವರಾಗಿ ಬರುವುದಕ್ಕೂ ಬಹಳ ಅಂತರವಿದೆ.